ಚೆನ್ನಯ ಬ್ರೌಸರ್ ಬದಲಿಸಲಿಲ್ಲ

ಮಗಳು ಹೇಳುವುದು ನಿಜವಾಗಿದ್ದರೆ? ಹನ್ನೊಂದು ವರ್ಷ ಈ ಕುರ್ಚಿಯಲ್ಲಿ ಕೂತು ತಾನು ಮಾಡಿದ್ದು ಉಪಕಾರವೋ, ಚಾಡಿಯೋ? ಜನ ನಂಬಿ ಹೇಳಿಕೊಂಡದ್ದನ್ನೆಲ್ಲ ಈ ಬ್ರೌಸರ್ ಇನ್ನೆಲ್ಲಿಗೋ ದಾಟಿಸುತ್ತಿದ್ದರೆ, ನಡುವೆ ಕೂತ ತನ್ನನ್ನು ಏನೆಂದು ಕರೆಯಬೇಕು? ಬದಲಿಸಿಯೇ ಬಿಡೋಣ ಎಂದುಕೊಂಡರೆ ಬೆರಳು ಹಿಂದೆ ಸರಿಯುತ್ತಿತ್ತು. ಬೇಡ ಎಂದುಕೊಂಡರೆ ಗಿರಾಕಿ ರಹೀಮಾಳ ಮುಖ ಕಣ್ಣೆದುರು ಬಂದು ನಿಲ್ಲುತ್ತಿತ್ತು.

ದಹಿಸರ್ ಸ್ಟೇಷನ್ನಿನಿಂದ ಐದು ನಿಮಿಷದ ದಾರಿ, ಚೆನ್ನಯನ ಅಂಗಡಿ. ಒಂದು ಜೆರಾಕ್ಸ್ ಮಶೀನು, ಒಂದು ಕಂಪ್ಯೂಟರ್, ಗಿರಾಕಿಗಳಿಗೆ ಒಂದು ಬೆಂಚು. ರೇಷನ್ ಕಾರ್ಡು, ರೈಲು ಟಿಕೆಟ್ಟು, ಆಸ್ಪತ್ರೆಯ ನಂಬರು, ಏನೇ ಇದ್ದರೂ ಆ ಓಣಿಯ ಜನ ಇಲ್ಲಿಗೇ ಬರುತ್ತಿದ್ದರು. ಚೆನ್ನಯನ ಬೆರಳು ಅಷ್ಟು ಚುರುಕು. ಗಿರಾಕಿ ಬೆಂಚಿನಲ್ಲಿ ಸರಿಯಾಗಿ ಕೂರುವಷ್ಟರಲ್ಲಿ ಬೇಕಾದ ಪುಟ ತೆರೆದಿರುತ್ತಿತ್ತು.

ಆದರೆ ಚೆನ್ನಯನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಹದಿನಾಲ್ಕನೇ ವಯಸ್ಸಿಗೆ ಉಡುಪಿ ಕಡೆಯಿಂದ ಬಂದು ಫೋರ್ಟಿನ ಹೋಟೆಲೊಂದರಲ್ಲಿ ಮೇಜು ಒರೆಸಲು ನಿಂತವನು, ರಾತ್ರಿ ಶಾಲೆಯಲ್ಲಿ ಕನ್ನಡವನ್ನೂ ಒಂದಿಷ್ಟು ಮರಾಠಿಯನ್ನೂ ಕಲಿತ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳ ಗುರುತು ಸಿಕ್ಕಿತು. ಅವು ಸೇರಿದರೆ ಏನಾಗುತ್ತದೆ ಎನ್ನುವಷ್ಟರಲ್ಲಿ ಸಪ್ಲೈಯರ್ ಕೆಲಸ ಸಿಕ್ಕಿ ಶಾಲೆ ನಿಂತುಹೋಯಿತು. ಸಪ್ಲೈಯರನಿಗೆ ಬೇಕಾದದ್ದು ಓದಲ್ಲ, ನೆನಪು. ಆರನೇ ಮೇಜಿಗೆ ಎರಡು ಮಸಾಲೆ, ಒಂಬತ್ತಕ್ಕೆ ಉಪ್ಪಿಟ್ಟು, ಕಿಟಕಿ ಪಕ್ಕದವರಿಗೆ ಸಕ್ಕರೆ ಕಡಿಮೆ. ಕಂಪ್ಯೂಟರನ್ನೂ ಅವನು ಹಾಗೆಯೇ ಕಲಿತ. ಬ್ರೌಸರಿನ ನೆತ್ತಿಯ ಮೇಲಿನ ಸಾಲಿನಲ್ಲಿ ಮೊದಲನೆಯದು ಲೈಟ್ ಬಿಲ್ಲು, ಮೂರನೆಯದು ರೈಲು, ಏಳನೆಯದು ಪೆನ್ಶನ್. ಫಾರಮ್ಮಿನ ಮೊದಲ ಚೌಕ ಅಡ್ಡಹೆಸರು, ಎರಡನೆಯದು ಹೆಸರು. ಹೊಸ ಪದ ಬಂದರೆ ಗಿರಾಕಿಯ ಕಾಗದ ನೋಡಿ ಅಕ್ಷರ ಅಕ್ಷರವಾಗಿ ಒತ್ತುತ್ತಿದ್ದ. ಲೋಕಲ್ ರೈಲಿನಲ್ಲಿ ವರ್ಷಗಟ್ಟಲೆ ಒಂದೇ ಡಬ್ಬಿಯ ಒಂದೇ ಬಾಗಿಲಲ್ಲಿ ನಿಲ್ಲುವವನು ಸ್ಟೇಷನ್ನಿನ ಹೆಸರು ಓದಿ ಇಳಿಯುತ್ತಾನೆಯೇ?

ಇದು ಯಾರಿಗೂ ಗೊತ್ತಿರಲಿಲ್ಲ. ಮಗಳು ಯಕ್ಷಿತಾಳಿಗಂತೂ ಗೊತ್ತಿರಲೇ ಇಲ್ಲ. ಅವಳು ಫೋರ್ಟಿನ ಬ್ಯಾಂಕೊಂದರಲ್ಲಿ ಗಿರಾಕಿಗಳ ಮಾಹಿತಿ ಹೊರಗೆ ಸೋರದಂತೆ ಕಾಯುವ ವಿಭಾಗದಲ್ಲಿದ್ದಳು. ‘ನಮ್ಮ ಪಪ್ಪಾ ಕಂಪ್ಯೂಟರ್ ತಾವೇ ಕಲಿತದ್ದು’ ಎಂದು ಆಫೀಸಿನಲ್ಲೂ ಮನೆಗೆ ಬಂದವರೆದುರೂ ಹೇಳಿಕೊಳ್ಳುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ಚೆನ್ನಯ ಎದ್ದು ಹೋಗಿ ನೀರು ಕುಡಿಯುತ್ತಿದ್ದ.

ಎಡವಟ್ಟಾದದ್ದು ಹೋದ ಮಂಗಳವಾರ. ರಹೀಮಾ ಬಂದಿದ್ದಳು, ವಿಜಯಪುರದ ಕಡೆಯವಳು, ಸೀರೆಗೆ ಫಾಲ್ ಹೊಲಿಯುವವಳು. ಮಗಳಿಗೆ ಒಂದು ಕಾಯಿಲೆ, ಅದಕ್ಕೆ ಸಯನ್ನಿನ ಕಡೆ ಒಳ್ಳೆಯ ಡಾಕ್ಟರು ಯಾರಿದ್ದಾರೆ ನೋಡಬೇಕಿತ್ತು. ಕಾಯಿಲೆಯ ಹೆಸರನ್ನು ಅವಳು ಬಾಯಲ್ಲಿ ಹೇಳಲಿಲ್ಲ, ಹಳೆಯ ಚೀಟಿ ಮುಂದಿಟ್ಟಳು. ಚೆನ್ನಯ ಅದನ್ನು ನೋಡಿ ಒಂದೊಂದೇ ಅಕ್ಷರ ಒತ್ತಿದ. ಪಟ್ಟಿ ಪ್ರಿಂಟಾಗುವ ತನಕ ಅವಳು ಬೆಂಚಿನ ಮೇಲೆ ಕೂತಳು. ಅಷ್ಟರಲ್ಲಿ ಇನ್ಶೂರೆನ್ಸ್ ಏಜೆಂಟ್ ಪ್ರೀತಮ್ ನುಗ್ಗಿದ. ಅವನ ಬೈಕಿಗೆ ಟ್ರಾಫಿಕ್ ದಂಡದ ಇ-ಚಲನ್ ಬಂದಿತ್ತು. ಚೆನ್ನಯ ‘ಇ’ ಒತ್ತಿದ್ದೇ ತಡ, ಹಿಂದೆ ಹುಡುಕಿದ್ದು ಕೆಳಗೆ ಜೋತುಬಿತ್ತು.

"ಎಪಿಲೆಪ್ಸಿ!" ಎಂದು ಪ್ರೀತಮ್ ಗಟ್ಟಿಯಾಗಿ ಓದಿದ. "ಫಿಟ್ಸ್ ಯಾರಿಗೆ ಚೆನ್ನಯಣ್ಣ, ನಿಮಗಾ? ಪಾಲಿಸಿ ಮಾಡುವಾಗ ಹೇಳಲೇ ಇಲ್ಲ ಮಾರಾಯ್ರೆ!"

ರಹೀಮಾ ಎದ್ದಳು. ಪ್ರಿಂಟು ತೆಗೆದುಕೊಳ್ಳಲಿಲ್ಲ. ಅವಳ ಮಗಳನ್ನು ನೋಡಲು ಹುಡುಗನ ಕಡೆಯವರು ಬರುವುದಿತ್ತು ಎಂದು ಚೆನ್ನಯನಿಗೆ ಗೊತ್ತಿತ್ತು. ರಹೀಮಾ ಚೆನ್ನಯನ ಮುಖವನ್ನೊಮ್ಮೆ ನೋಡಿ ಹೋದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಇಂಥ ಪಟ್ಟಿ ದಿನಾ ಜೋತುಬೀಳುತ್ತಲೇ ಇತ್ತು. ಚೆನ್ನಯನ ಕಣ್ಣಿಗೆ ಅದು ಇರುವೆಗಳ ಸಾಲು, ಅಷ್ಟೆ. ಆ ಸಾಲಿನಲ್ಲಿ ಜನರ ಗುಟ್ಟು ಹರಿದಾಡುತ್ತಿದೆ ಎಂದು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಈ ಸಂಗತಿ ಕೇಳಿದಾಗಿನಿಂದ ಬ್ರೌಸರ್ ಬದಲಿಸಿ ಎನ್ನುತ್ತಿದ್ದ ಯಕ್ಷಿತಾ ಭಾನುವಾರ ಲ್ಯಾಪ್‌ಟಾಪ್ ಹಿಡಿದು ಅಂಗಡಿಗೇ ಬಂದಳು.

"ಪಪ್ಪಾ, ಇವತ್ತು ಹೊಸ ಬ್ರೌಸರ್ ಹಾಕ್ತೇನೆ. ಇದು ಬೇಡವೇ ಬೇಡ. ಯಾರು ಏನು ಹುಡುಕ್ತಾರೆ ಅಂತ ಎಲ್ಲ ಕಂಪನಿಗೆ ಹೋಗ್ತದೆ, ಸಮಝೋ ನಾ!"

"ನಿನ್ನ ಫೋನಿನಲ್ಲಿ ಯಾವುದುಂಟು ಮಗಾ?"

ಯಕ್ಷಿತಾ ತಡವರಿಸಿದಳು. "ಅದು... ಇದೇ. ಪಾಸ್‌ವರ್ಡ್ ಎಲ್ಲ ಅದರಲ್ಲೇ ಉಂಟು, ತೆಗೀಲಿಕ್ಕೆ ಬೋರ್."

"ನಿನಗೆ ಬೋರ್, ನನಗೆ ಮಾತ್ರ ಉಪದೇಶ!"

"ನನ್ನ ಫೋನಿಗೆ ನಲವತ್ತು ಜನ ಬರೋದಿಲ್ಲ ಪಪ್ಪಾ. ನಿಮ್ಮ ಒಬ್ಬ ಗಿರಾಕಿಯ ವಿಷಯ ಇನ್ನೊಬ್ಬರಿಗೆ ಕಾಣ್ತದೆ. ಬನ್ನಿ, ಹೊಸದರಲ್ಲಿ ಒಂದು ಫಾರಂ ತುಂಬಿಸಿ, ನಾನು ನೋಡ್ತೇನೆ. ಸರಿಯಾದ್ರೆ ಹಳೇದನ್ನ ತೆಗೆದು ಬಿಸಾಡ್ತೇನೆ."

ಚೆನ್ನಯ ಲ್ಯಾಪ್‌ಟಾಪಿನಲ್ಲಿ ತೆರೆದಿದ್ದ ಹೊಸ ಪರದೆಯನ್ನು ನೋಡಿದ. ಎಲ್ಲ ಜಾಗ ಬದಲಾಗಿತ್ತು. ಮೇಜುಗಳನ್ನೆಲ್ಲ ಎತ್ತಿ ಎಲ್ಲೆಲ್ಲೋ ಇಟ್ಟುಬಿಟ್ಟ ಹೋಟೆಲಿನಂತೆ. ಮಗಳು ಪಕ್ಕದಲ್ಲಿ ನಿಂತು ತನ್ನ ಬೆರಳನ್ನು ಕಾಯುತ್ತಿದ್ದಾಳೆ. ಇನ್ನು ಒಂದು ನಿಮಿಷ, ಅವಳಿಗೆ ಎಲ್ಲ ತಿಳಿಯುತ್ತದೆ.

ಗಿರಾಕಿ ಎದ್ದ ಮೇಜನ್ನು ಒರೆಸದೆ ಇನ್ನೊಬ್ಬರನ್ನು ಕೂರಿಸಿದರೆ ಹೋಟೆಲಿನ ಹಳೆಯ ಧಣಿ ಭಟ್ಟರು ಕೆನ್ನೆಗೆ ಬಾರಿಸುತ್ತಿದ್ದರು. ಆ ಕೆನ್ನೆಯುರಿ ಈಗ ನೆನಪಾಯಿತು. ತಪ್ಪು ಹೋಟೆಲಿನದಲ್ಲ, ಒರೆಸದವನದು.

"ಮಗಾ," ಅವನು ನಿಧಾನವಾಗಿ ಕೇಳಿದ, "ಒಬ್ಬರು ಎದ್ದುಹೋದ ಕೂಡಲೆ ಅವರದ್ದನ್ನು ಒರೆಸಿ ತೆಗೀಲಿಕ್ಕೆ ಈ ಹಳೇದರಲ್ಲಿ ಆಗೋದಿಲ್ವಾ?"

"ಆಗ್ತದೆ. ಕಪ್ಪು ಕಿಟಕಿ ಅಂತ ಒಂದುಂಟು. ಪ್ರತಿಯೊಬ್ಬರಿಗೂ ಹೊಸದಾಗಿ ತೆರೀಬೇಕು, ಮುಗಿದ ಕೂಡಲೆ ಮುಚ್ಚಬೇಕು. ಮುಚ್ಚಿದ್ರೆ ಈ ಮಶೀನಿನಲ್ಲಿ ಏನೂ ಉಳಿಯೋದಿಲ್ಲ. ಆದ್ರೆ ಗಡಿಬಿಡಿಯಲ್ಲಿ ಯಾರೂ ಅದನ್ನ ಮಾಡೋದಿಲ್ಲ ಪಪ್ಪಾ."

"ಮೇಲಿನ ಸಾಲು ಹಾಗೇ ಇರ್ತದಾ?"

"ಹಾಗೇ ಇರ್ತದೆ."

ಚೆನ್ನಯ ಬೆನ್ನು ನೆಟ್ಟಗೆ ಮಾಡಿಕೊಂಡ. "ಹಾಗಾದ್ರೆ ಹಳೆಯದನ್ನೆಲ್ಲ ಮೊದಲು ತೊಳೆ. ಮಧ್ಯಾಹ್ನ ಒಂದು ಗಂಟೆ ತನಕ ನಾನು ಕೆಲಸ ಮಾಡ್ತೇನೆ. ಆಮೇಲೆ ನೀನು ಹುಡುಕು. ಒಬ್ಬರ ಎಂಜಲು ಸಿಕ್ಕಿದ್ರೂ ನಿನ್ನ ಹೊಸ ಬ್ರೌಸರ್ ಹಾಕು."

ಯಕ್ಷಿತಾ ನಕ್ಕು ಹನ್ನೊಂದು ವರ್ಷದ ಗುರುತುಗಳನ್ನು ಅಳಿಸಿದಳು. ಯಾವ ಮೂರು ಕೀಲಿ ಒಟ್ಟಿಗೆ ಒತ್ತಬೇಕೆಂದು ತೋರಿಸಿದಳು. ಚೆನ್ನಯ ರಹೀಮಾಳಿಗೆ ಫೋನು ಮಾಡಿ, "ಒಮ್ಮೆ ಬಂದು ನೋಡಿ" ಎಂದಷ್ಟೇ ಹೇಳಿದ. ಅವಳು ಫೋನು ಇಟ್ಟಳು.

ಭಾನುವಾರದ ಗಿರಾಕಿಗಳು ಶುರುವಾದರು. ಕಪ್ಪು ಕಿಟಕಿ ತೆರೆ, ಕೆಲಸ ಮಾಡು, ಮುಚ್ಚು. ಮತ್ತೆ ತೆರೆ. ಮೂರನೇ ಗಿರಾಕಿಗೆ ಬೆರಳು ಲಯ ಹಿಡಿಯಿತು. ಏಳನೆಯವರಿಗೆ ಅವನು ಕೀಲಿಮಣೆಯನ್ನು ನೋಡುವುದನ್ನೂ ಬಿಟ್ಟ. ಹೆಗಲ ಮೇಲೆ ಒದ್ದೆ ಬಟ್ಟೆ ಇಲ್ಲ, ಅಷ್ಟೇ ವ್ಯತ್ಯಾಸ.

ಹನ್ನೆರಡೂವರೆಗೆ ಬಾಗಿಲಲ್ಲಿ ರಹೀಮಾ ಕಂಡಳು. ಒಳಗೆ ಬರಲಿಲ್ಲ. ಅದೇ ಹೊತ್ತಿಗೆ ಅವಳನ್ನು ದಾಟಿಕೊಂಡು ಪ್ರೀತಮ್ ನುಗ್ಗಿದ.

"ಚೆನ್ನಯಣ್ಣ, ಅರ್ಜೆಂಟ್! ಎರಡೇ ನಿಮಿಷ. ಹೋದವರದ್ದು ತೆರೆದೇ ಉಂಟಲ್ಲ, ಅದರಲ್ಲೇ ಮಾಡಿ ಬಿಡಿ."

ಎದ್ದುಹೋದ ಗಿರಾಕಿಯ ಪುಟ ಇನ್ನೂ ಪರದೆಯ ಮೇಲಿತ್ತು. ಯಕ್ಷಿತಾ ಅಪ್ಪನ ಕೈಯನ್ನೇ ನೋಡಿದಳು.

"ಹೋಟೆಲಿಗೆ ಹೋದ್ರೆ ಇನ್ನೊಬ್ಬ ತಿಂದ ಎಲೆಯಲ್ಲೇ ಉಣ್ತೀಯಾ ನೀನು?" ಎಂದ ಚೆನ್ನಯ. ಕಿಟಕಿ ಮುಚ್ಚಿದ, ಹೊಸದು ತೆರೆದ. "ಮೊನ್ನೆ ನನ್ನ ಅಂಗಡಿಯಲ್ಲಿ ಒಂದು ಓದಿ ಹೇಳಿದ್ಯಲ್ಲ ಪ್ರೀತಮ್, ಬಾ, ಈಗ ಓದು."

ಅವನು ‘ಇ’ ಒತ್ತಿದ. ಪ್ರೀತಮ್ ಬಗ್ಗಿ ನೋಡಿದ.

"ಎಂಥ ಇಲ್ಲ. ಊರಿಗೆಲ್ಲ ಬರುವ ಜಾಹೀರಾತಿನ ಹೆಸರು ನಾಲ್ಕು."

"ಸರಿಯಾಗಿ ನೋಡು. ಯಾರದ್ದಾದ್ರೂ ಕಾಯಿಲೆ ಉಂಟಾ?"

"ಇಲ್ಲ ಮಾರಾಯ್ರೆ," ಎಂದ ಪ್ರೀತಮ್. ಬಾಗಿಲಲ್ಲಿ ನಿಂತವಳನ್ನು ಆಗ ಕಂಡನೋ ಏನೋ, ಸ್ವರ ತಗ್ಗಿತು. "ಮೊನ್ನೆ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು. ಅವರದ್ದು ಮೊದಲು ಆಗ್ಲಿ. ನಾನು ಹೊರಗೆ ನಿಲ್ತೇನೆ."

ರಹೀಮಾ ಒಳಗೆ ಬಂದಳು. ಬೆಂಚಿಗೆ ಹೋಗಲಿಲ್ಲ, ಕಂಪ್ಯೂಟರಿನ ಪಕ್ಕದ ಸ್ಟೂಲಿನ ಮೇಲೆಯೇ ಕೂತಳು. ಸೆರಗಿನ ಗಂಟಿನಿಂದ ಚೀಟಿ ಬಿಚ್ಚಿದಳು.

"ಬರಬಾರ್ದು ಅಂತ ಮಾಡಿದ್ನಿರಿ ಅಣ್ಣಾರ. ಸ್ಟೇಷನ್ ಹತ್ರದ ಹೊಸ ಅಂಗಡಿಗೂ ಹೋಗಿದ್ನಿ. ಅಲ್ಲೆ ಚೀಟಿ ತಗೀಲಿಕ್ಕೆ ಮನಸ್ಸ ಆಗ್ಲಿಲ್ಲ." ಚೀಟಿಯನ್ನು ಅವನ ಮುಂದಿಟ್ಟು ಹೇಳಿದಳು, "ಬುಧವಾರಕ್ಕ ಡಾಕ್ಟರ್ ಕಡೆ ನಂಬರ್ ಹಚ್ಚಿ ಕೊಡ್ರಿ. ಹುಡುಗನ ಮಂದಿಗೆ ನಾನಽ ಹೇಳೀನಿ. ಒಪ್ಪಿದ್ರ ಒಪ್ಲಿ, ಬಿಟ್ರ ಬಿಡ್ಲಿ. ನನ್ನ ಬಾಯಿಂದ ಹೋಗೋ ಮಾತು ಬ್ಯಾರೆ, ಮಂದಿ ಬಾಯಿಂದ ಹೋಗೋದು ಬ್ಯಾರೆ."

ಚೆನ್ನಯ ನಂಬರು ಹಚ್ಚಿದ. ಪ್ರಿಂಟು ಮಡಚಿ ಅವಳ ಕೈಗಿತ್ತು, ಅವಳು ನೋಡುತ್ತಿರುವಂತೆಯೇ ಕಿಟಕಿ ಮುಚ್ಚಿದ. ರಹೀಮಾ ಎದ್ದವಳು, "ಮುಂದಿನ ವಾರ ಮತ್ತ ಬರ್ತೀನ್ರಿ" ಎಂದಳು. ಅವಳು ಓಣಿ ತಿರುಗುವ ತನಕ ಚೆನ್ನಯ ಬಾಗಿಲನ್ನೇ ನೋಡುತ್ತಿದ್ದ.

ಒಂದು ಗಂಟೆಗೆ ಯಕ್ಷಿತಾ ಕುರ್ಚಿಯಲ್ಲಿ ಕೂತು ಒಂದೊಂದೇ ಅಕ್ಷರ ಒತ್ತಿ ನೋಡಿದಳು. ಮೂಲೆ ಮೂಲೆ ಕೆದಕಿದಳು. ಹದಿನಾಲ್ಕು ಗಿರಾಕಿಗಳು ಬಂದುಹೋದ ಮಶೀನಿನಲ್ಲಿ ಒಬ್ಬರ ಗುರುತೂ ಇರಲಿಲ್ಲ.

"ಪಪ್ಪಾ! ನಮ್ಮ ಬ್ಯಾಂಕಿನಲ್ಲಿ ಇಷ್ಟು ಕ್ಲೀನ್ ಇಟ್ಟವರು ಒಬ್ಬರಿಲ್ಲ!" ಅವಳು ಎದ್ದು ಅಪ್ಪನ ಎರಡೂ ಕೈ ಹಿಡಿದು ಕುಲುಕಿದಳು. ಹೊರಗಿದ್ದ ಪ್ರೀತಮ್ ಏನಾಯಿತೆಂದು ತಿಳಿಯದೆಯೇ ಚಪ್ಪಾಳೆ ತಟ್ಟಿದ. ಐವತ್ತಾರು ವರ್ಷದ ಚೆನ್ನಯನಿಗೆ ಹೊಟ್ಟೆ ತುಂಬಿ ನಗು ಬಂತು. ಯಾವತ್ತೂ ಇಷ್ಟು ದೊಡ್ಡ ಸಮಾರಾಧನೆ ಬಡಿಸಿ ಮುಗಿಸಿರಲಿಲ್ಲ ಅವನು.

ನಗು ನಿಂತ ಮೇಲೆ ಯಕ್ಷಿತಾ ಹೇಳಿದಳು, "ಆದ್ರೂ ಕಂಪನಿಗೆ ಒಂದಷ್ಟು ಹೋಗಿಯೇ ಹೋಗ್ತದೆ ಪಪ್ಪಾ. ಅದನ್ನ ನೀವು ಒರೆಸ್ಲಿಕ್ಕೆ ಆಗೋದಿಲ್ಲ."

"ಗೊತ್ತು ಮಗಾ."

"ಗೊತ್ತಿದ್ದೂ ಇದೇ ಬೇಕಾ? ಯಾಕೆ?"

ಚೆನ್ನಯ ಪರದೆಯ ನೆತ್ತಿಯ ಆ ಸಾಲನ್ನು ನೋಡಿದ. ಮೊದಲನೆಯದು, ಮೂರನೆಯದು, ಏಳನೆಯದು.

"ಕೈಗೆ ಅಭ್ಯಾಸ," ಎಂದ.

ಅವಳು ಅದನ್ನು ನಂಬಿದಳು. ತನಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎಂದು ಚೆನ್ನಯ ಮಗಳಿಗೆ ಎಂದೂ ಹೇಳಲಿಲ್ಲ.