ಮಾವನ ಕಂಪ್ಯೂಟರ್ ಬಿಸಿಯಾಗುತ್ತಿತ್ತು

ಸತ್ತವರ ತಪ್ಪನ್ನು ಆಡಬಾರದು ಎಂದು ಹಿರಿಯರು ಹೇಳುತ್ತಾರೆ. ಇಲ್ಲಿ ಹೇಳಹೊರಟಿರುವುದು ತಪ್ಪೋ ಅಲ್ಲವೋ ಎಂಬುದೇ ಸರಿಯಾಗಿ ಗೊತ್ತಿಲ್ಲ. ಹಾಗಿದ್ದೂ ಬಾಯಿ ತೆರೆದದ್ದಕ್ಕೆ ಶಿರ್ತಾಡಿಯ ಆ ಮನೆಯವರು ಕ್ಷಮಿಸಬೇಕು.

ನಿತೇಶ್ ಬೈಕು ನಿಲ್ಲಿಸುವಾಗ ಹಿತ್ತಿಲಿನ ಮಾವಿನ ಮರ ಅರ್ಧ ಉರುಳಿತ್ತು. ಚಿತೆಗೆ ಮರ ಕೊಯ್ಯುತ್ತಿದ್ದವರು ಗರಗಸದ ಮೆಶಿನ್ ನಿಲ್ಲಿಸಿ ಅವನನ್ನು ನೋಡಿದರು. ಆಮೇಲೆ ಏನೂ ನೋಡದವರ ಹಾಗೆ ಮತ್ತೆ ಚಾಲೂ ಮಾಡಿದರು. ಅವನು ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಂಗಳದ ತುದಿಯಲ್ಲೇ ನಿಂತ. ದೀಪಾವಳಿ ಕಳೆದು ನಡೆದ ಮಾವನ ಮಗಳ ನಿಶ್ಚಿತಾರ್ಥದ ನಂತರ ಈ ಅಂಗಳಕ್ಕೆ ಅವನು ಕಾಲಿಟ್ಟಿರಲಿಲ್ಲ. ಈಗ ಏಪ್ರಿಲಿನ ವಿಷು ಹಬ್ಬವೂ ಕಳೆದಿತ್ತು.

"ಬಾ ಮಾರಾಯ, ನಿನ್ನನ್ನೇ ಕಾಯುವುದು," ಎಂದರು ನೋಣಯ್ಯ. ನೆರೆಮನೆಯವರು, ಮಾವ ವೆಂಕಪ್ಪ ಕಂಡಕ್ಟರ್ ಆಗಿದ್ದ ಬಸ್ಸಿಗೆ ಇವರೇ ಡ್ರೈವರ್. "ಗಂಡುಮಕ್ಕಳಿಲ್ಲದ ಮನೆ. ಸೋದರಳಿಯ ನೀನಿರುವಾಗ ಬೇರೆಯವರು ಕೊಳ್ಳಿ ಇಡುವ ಹಾಗಿಲ್ಲ. ಆದರೆ ನಿನ್ನ ಮಾಮಿ ಪೂವಮ್ಮನ ಬಾಯಿಂದ ಹೂಂ ಅಂತ ಬರಬೇಕಲ್ಲ."

"ಮಾಮಿ ಬೇಡ ಅಂತ ಹೇಳಿದ್ರಾ?"

"ಬೇಡ ಅಂತಲೂ ಹೇಳ್ಲಿಲ್ಲ. ಅದೇ ಪಂಚಾತಿಕೆ."

ಒಳಗೆ ಮಾವನನ್ನು ಬಾಳೆಲೆಯ ಮೇಲೆ ಮಲಗಿಸಿದ್ದರು. ತಲೆಯ ಬಳಿ ತೆಂಗಿನ ಹೋಳಿನಲ್ಲಿ ದೀಪ. ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತವರು ಹಾಗೆಯೇ ಕುಸಿದರಂತೆ. ಹಾರ್ಟ್ ಎಂದು ಡಾಕ್ಟರು ಹೇಳಿ ಹೋಗಿದ್ದರು. ತುಟಿಯ ಮೂಲೆಯಲ್ಲಿ ಪೇಸ್ಟಿನ ಬಿಳಿ ಇನ್ನೂ ಸ್ವಲ್ಪ ಉಳಿದಿತ್ತು. ನಿತೇಶ್ ತುಳಸಿ ನೀರು ಬಿಡುವಾಗ ಅದನ್ನು ಒರೆಸಬೇಕೆಂದುಕೊಂಡ. ಒರೆಸುವ ಅಧಿಕಾರ ತನಗುಂಟೋ ಇಲ್ಲವೋ ಎಂದು ಕೈ ಹಿಂದೆ ತೆಗೆದುಕೊಂಡ. ಮಾಮಿ ತಲೆ ಎತ್ತಲಿಲ್ಲ. ಅವರ ಪಕ್ಕದಲ್ಲಿ ಕೂತಿದ್ದ ಅವನ ಅಮ್ಮ ಮಾತ್ರ ಕಣ್ಣಿನಲ್ಲೇ, ಇಲ್ಲೇ ಇರು ಎಂದರು.

ಮಾವನ ಮಗಳು ವಿಸ್ಮಿತಾ ಬಂದು ಮೆಲ್ಲನೆ ಹೇಳಿದಳು. "ಭಾವ, ಅಪ್ಪನ ಒಂದು ಫೋಟೋ ಬೇಕು. ಪೇಪರಿನವರು ಮಧ್ಯಾಹ್ನದ ಮೊದಲು ಕೇಳಿದ್ದಾರೆ. ನನ್ನ ನಿಶ್ಚಿತಾರ್ಥದ್ದು ಕಂಪ್ಯೂಟರಿನಲ್ಲಿ ಉಂಟು. ಆದರೆ ಆನ್ ಮಾಡಿ ಫೋಲ್ಡರ್ ಹುಡುಕುವಷ್ಟರಲ್ಲಿ ಆಫ್ ಆಗ್ತದೆ."

"ಫೋನಿನಲ್ಲಿ ಇಲ್ವಾ?"

"ಫೋನಿನಲ್ಲಿರುವುದರಲ್ಲೆಲ್ಲ ಕಣ್ಣು ಮುಚ್ಚಿಕೊಂಡಿದ್ದಾರೆ."

"ಹಾಗಾದ್ರೆ ಡಿಸ್ಕ್ ಬಿಚ್ಚಿ ಮೂಡುಬಿದಿರೆಗೆ, ನನ್ನ ಅಂಗಡಿಗೆ ಕೊಂಡುಹೋಗ್ತೇನೆ. ಅಲ್ಲಿಂದ ಕಳಿಸುವ."

"ಬೇಡ," ಎಂದರು ಅವನ ಅಮ್ಮ. "ಹೆಣ ಒಳಗಿರುವಾಗ ಮನೆಯಿಂದ ಒಂದು ಕಡ್ಡಿಯೂ ಹೊರಗೆ ಹೋಗ್ಲಿಕ್ಕಿಲ್ಲ."

ಆಗ ಪೂವಮ್ಮ ಮಾತಾಡಿದರು. ತಲೆ ಎತ್ತದೆಯೇ.

"ಅವನ ಫ್ಯಾನೇ ಅಲ್ವಾ. ಅವನೇ ನೋಡ್ಲಿ."

ಜಗಲಿಯಲ್ಲಿ ಯಾರೋ ಕೆಮ್ಮಿದರು. ನಿತೇಶನ ಕಿವಿ ಬಿಸಿಯಾಯಿತು.

*

ವೆಂಕಪ್ಪ ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಆಯುಷ್ಯ ಕಳೆದವರು. ಚೀಟಿ ಹರಿದು ಕೊಡುವ ಕಾಲ ಹೋಗಿ ಟಿಕೆಟ್ ಮೆಶಿನ್ ಬಂದ ಮೊದಲ ಮಳೆಗಾಲದಲ್ಲೇ ಅವರ ಮೆಶಿನ್ನಿಗೆ ನೀರು ಹೋಯಿತು. ಬಸ್ಸಿನ ಧಣಿ ಸ್ಟ್ಯಾಂಡಿನಲ್ಲಿ ಎಲ್ಲರ ಎದುರು ಏನೋ ಅಂದರು. ಏನೆಂದು ವೆಂಕಪ್ಪ ಮನೆಯಲ್ಲಿ ಎಂದೂ ಹೇಳಲಿಲ್ಲ. ಮರುದಿನದಿಂದ ಮೆಶಿನ್ ಪ್ಲಾಸ್ಟಿಕ್ ತೊಟ್ಟೆಯೊಳಗೆ ಸೇರಿತು. ಬೇಸಿಗೆಯಲ್ಲೂ ತೊಟ್ಟೆಯ ಮೇಲಿನಿಂದಲೇ ಗುಂಡಿ ಒತ್ತುವುದು.

ಆಮೇಲೆ ಅದು ಅವರ ಸ್ವಭಾವವೇ ಆಯಿತು. ಟಿವಿಯ ರಿಮೋಟಿಗೆ ತೊಟ್ಟೆ, ಬೈಕಿನ ಸೀಟಿಗೆ ತೊಟ್ಟೆ. ಫ್ರಿಜ್ಜಿನ ಬಾಗಿಲಿಗೆ ಕಂಪನಿಯವರು ಅಂಟಿಸಿದ ನೀಲಿ ಹಾಳೆ ಅಂಚಿನಲ್ಲಿ ಕಪ್ಪಗಾದರೂ ಅಲ್ಲೇ ಇತ್ತು. ನಿತೇಶ್ ಮೂಡುಬಿದಿರೆಯಲ್ಲಿ ಕಂಪ್ಯೂಟರ್ ಅಂಗಡಿ ತೆರೆದ ವರ್ಷ ಮೊದಲ ಸಂಪಾದನೆಯಲ್ಲಿ ಮಾವನಿಗೊಂದು ತಿಳಿನೀಲಿ ಅಂಗಿ ತಂದುಕೊಟ್ಟಿದ್ದ. ಮಾವ ಅದನ್ನು ಪೆಟ್ಟಿಗೆ ಸಮೇತ ಕಪಾಟಿನಲ್ಲಿಟ್ಟರು. ಯಾವ ಮದುವೆಗೂ ಅದು ಹೊರಗೆ ಬರಲಿಲ್ಲ.

"ತೆಗೆದರೆ ಹೊಸತು ಹೋಗ್ತದೆ," ಎನ್ನುತ್ತಿದ್ದರು.

"ಹಾಗಾದ್ರೆ ನನಗೂ ಒಂದು ತೊಟ್ಟೆ ಹಾಕಿ ಗಂಡನ ಮನೆಗೆ ಕಳಿಸಿ ಅಪ್ಪ," ಎನ್ನುತ್ತಿದ್ದಳು ವಿಸ್ಮಿತಾ.

"ಹಾಕುವ. ಅವರು ತೆಗೆಯದಿದ್ದರೆ ಆಯ್ತು."

ಕೊರೋನದ ಕಾಲದಲ್ಲಿ ಅವಳ ಕ್ಲಾಸಿಗೆಂದು ತಂದ ಕಂಪ್ಯೂಟರ್ ಆಮೇಲೆ ಮಾವನದಾಯಿತು. ನಿವೃತ್ತಿಯ ನಂತರ ಸಂಜೆ ಅದರ ಮುಂದೆ ಕೂತು ತಾಳಮದ್ದಳೆ ನೋಡುವುದೇ ಅವರ ಕೆಲಸ. ಆದರೆ ಅದು ಬಿಸಿಯಾಗತೊಡಗಿತು. ಒಬ್ಬ ಅರ್ಥಧಾರಿ ಕೊಂಕು ಪ್ರಶ್ನೆ ಕೇಳುತ್ತಿದ್ದ. ಇನ್ನೊಬ್ಬ ಗಂಟಲು ಸರಿಮಾಡಿಕೊಳ್ಳುವಾಗ ಪರದೆ ಕಪ್ಪು. "ಉತ್ತರವೇ ಸಿಕ್ಕುವುದಿಲ್ಲ ಮಾರಾಯ," ಎಂದು ಅವರು ನಿತೇಶನಿಗೆ ಫೋನು ಮಾಡಿದರು. ಅವನು ಹೊಸ ಕೂಲರ್ ಒಂದನ್ನು ಬಸ್ಸಿನಲ್ಲಿ ಕಳಿಸಿಕೊಟ್ಟ. ತಾಮ್ರದ ತಳದ ಮೇಲೆ ಫ್ಯಾನು. ತಳ ನಡುವೆ ಹಚ್ಚುವ ಪೇಸ್ಟಿನ ಮೂಲಕ ಪ್ರೊಸೆಸರಿನ ಬಿಸಿಯನ್ನು ಎಳೆದುಕೊಳ್ಳುತ್ತದೆ, ಫ್ಯಾನು ಅದನ್ನು ಹೊರಗೆ ಹಾಕುತ್ತದೆ. ಅವನೇ ಹೋಗಿ ಕೂರಿಸಬೇಕಿತ್ತು. ಮದುವೆಯ ಸೀಸನ್, ಅವನು ಪೊಳಲಿಯ ಕಡೆ ಒಂದು ಹಾಲ್‌ನಲ್ಲಿ ಏಣಿ ಹತ್ತಿ ಸಿಸಿ ಕ್ಯಾಮೆರಾ ಕಟ್ಟುತ್ತಿದ್ದ. ಅಲ್ಲಿಂದಲೇ ಫೋನಿನಲ್ಲಿ ಹೇಳಿಕೊಟ್ಟ.

"ನಾಲ್ಕೇ ಸ್ಕ್ರೂ ಮಾವ. ಹಳೆಯದನ್ನು ಬಿಚ್ಚಿ. ಪ್ರೊಸೆಸರಿನ ಮೇಲಿನ ಒಣಗಿದ ಪೇಸ್ಟ್ ಒರೆಸಿ. ಹೊಸ ಪೇಸ್ಟ್ ಒಂದು ಉದ್ದಿನ ಕಾಳಿನಷ್ಟು ಹಾಕಿ, ಮೇಲಿನಿಂದ ಇದನ್ನು ಕೂರಿಸಿ."

"ಉದ್ದಿನ ಕಾಳೋ, ಹೆಸರಿನ ಕಾಳೋ?"

"ಯಾವುದಾದರೂ ಆಗ್ತದೆ."

"ಹಾಗೆ ಹೇಳಿದ್ರೆ ಹೇಗೆ? ಎರಡೂ ಒಂದೇ ಗಾತ್ರವಾ?"

ಹೊಸತು ಹಾಕಿದ ಮೇಲೆ ಕಂಪ್ಯೂಟರ್ ಮೊದಲಿಗಿಂತ ಬೇಗ ಆಫ್ ಆಗತೊಡಗಿತು. ಅಂಗಡಿಗೆ ತನ್ನಿ ಎಂದರೆ, "ಬಸ್ಸಿನಲ್ಲಿ ಹೊತ್ತುಕೊಂಡು ಬರ್ಲಿಕ್ಕೆ ಅದೇನು ಹಲಸಿನಹಣ್ಣಾ?" ಎಂದರು ಮಾವ. ನಿಶ್ಚಿತಾರ್ಥ ಮುಗಿಯಲಿ, ನಾನೇ ಬರ್ತೇನೆ ಎಂದು ನಿತೇಶ್ ಹೇಳಿದ.

ನಿಶ್ಚಿತಾರ್ಥದ ಊಟದ ಹೊತ್ತಿಗೆ, ಕೈಯಲ್ಲಿ ಪಾಯಸದ ಲೋಟ ಹಿಡಿದು, ನೆಂಟರ ನಡುವೆ ಮಾವ ಹೇಳಿದರು: "ನನ್ನ ಅಳಿಯನ ಅಂಗಡಿಯ ಫ್ಯಾನು. ಗಾಳಿ ಬರ್ತದೆ, ತಣಿಯುವುದಿಲ್ಲ. ಸ್ವಂತ ಮಾವನಿಗೇ ಡುಪ್ಲಿಕೇಟ್."

ಎಲ್ಲರೂ ನಕ್ಕರು. ಮಾವನೂ ನಕ್ಕಿರಬಹುದು. ನಿತೇಶ್ ಆಗ ನೆಲ ನೋಡುತ್ತಿದ್ದ. ಆ ಮಾತನ್ನು ನೋಣಯ್ಯ ಬಸ್ಸಿನ ದಾರಿಯುದ್ದಕ್ಕೂ ಹಂಚಿದರು. ಶಿರ್ತಾಡಿ ಕಡೆಯ ಗಿರಾಕಿಗಳು ಹೊಸ ಸಾಮಾನು ಕೊಳ್ಳುವಾಗ, "ಒರಿಜಿನಲ್ ಅಲ್ವಾ?" ಎಂದು ನಗುತ್ತಾ ಕೇಳತೊಡಗಿದರು. ನಗು ಅವನಿಗೆ ಅಷ್ಟು ನೋಯಲಿಲ್ಲ. ನೋಯುತ್ತಿದ್ದದ್ದು ಬೇರೆ: ಆ ಕೂಲರ್ ಮಂಗಳೂರಿನಿಂದ ರಟ್ಟಿನ ಪೆಟ್ಟಿಗೆಯಲ್ಲಿ ಬಂದದ್ದು, ಒರಿಜಿನಲ್ ಹೌದೆಂದು ಆಣೆ ಹಾಕುವಷ್ಟು ಧೈರ್ಯ ಅವನಿಗೇ ಇರಲಿಲ್ಲ. ಅದೇ ಪೆಟ್ಟಿಗೆಯ ಉಳಿದವನ್ನೆಲ್ಲ ಹಾಕಿ ನೋಡಿದ. ಸರಿಯಾಗಿದ್ದವು. ಮಾವನಲ್ಲಿಗೆ ಹೋದದ್ದೊಂದೇ ಹಾಳಾಗಿರಬಹುದಲ್ಲ. ಹೋಗಿ ನೋಡಿದರೆ ಗೊತ್ತಾಗುತ್ತಿತ್ತು. ಹೋಗಲಿಲ್ಲ.

*

ಕಂಪ್ಯೂಟರಿನ ಕೋಣೆಯಲ್ಲಿ ಎಲ್ಲವೂ ಹೊದ್ದುಕೊಂಡೇ ಇದ್ದವು. ಕೀಬೋರ್ಡ್ ತೊಟ್ಟೆಯೊಳಗೆ, ಮೌಸಿಗೆ ಮಾಮಿ ಹೊಲಿದ ಚೀಲ. ಗೂಟದಲ್ಲಿ ಮಾತ್ರ ತಿಳಿನೀಲಿ ಅಂಗಿಯೊಂದು ಯಾವ ಹೊದಿಕೆಯೂ ಇಲ್ಲದೆ ತೂಗುತ್ತಿತ್ತು. ನಿತೇಶನಿಗೆ ಗುರುತು ಸಿಕ್ಕಿತು. ಹೆಣಕ್ಕೆ ಹೊದಿಸಲು ಬಟ್ಟೆ ಹುಡುಕುವಾಗ ಹೆಂಗಸರು ತೆಗೆದಿರಬೇಕು ಎಂದುಕೊಂಡ.

ವಿಸ್ಮಿತಾ ಸ್ಕ್ರೂಡ್ರೈವರ್ ತಂದುಕೊಟ್ಟಳು. ಅಷ್ಟರಲ್ಲಿ ಯಾರೋ ಅವಳನ್ನು ಕರೆದರು. ಕಿಟಕಿಯಾಚೆ, ಸ್ನಾನ ಮಾಡಿಸಲು ನೀರು ಕಾಯಿಸುತ್ತಿದ್ದವರ ಮಾತು ಕೇಳುತ್ತಿತ್ತು. ಅವನು ಪ್ಲಗ್ ತೆಗೆದು ಬದಿಯ ತಗಡು ಬಿಚ್ಚಿದ. ಒಳಗೆ ಧೂಳು ಅಷ್ಟೇನೂ ಇರಲಿಲ್ಲ. ಮಾವ ಆಗಾಗ ಬ್ರಷ್ ಹಾಕುತ್ತಿದ್ದಿರಬೇಕು. ನಾಲ್ಕೂ ಸ್ಕ್ರೂ ಗಟ್ಟಿಯಾಗಿ ಕೂತಿದ್ದವು. ಅವನ್ನು ಬಿಚ್ಚಿ ಕೂಲರನ್ನು ಮೆಲ್ಲಗೆ ತಿರುಗಿಸಿ ಎತ್ತಿದ. ತಳ ಮೇಲೆ ಮಾಡಿ ಬೆಳಕಿಗೆ ಹಿಡಿದ.

ತಾಮ್ರಕ್ಕೆ ಪ್ಲಾಸ್ಟಿಕ್ ಅಂಟಿಕೊಂಡಿತ್ತು.

ಹೊಸ ಸಾಮಾನಿನ ತಳಕ್ಕೆ ಗೀರು ಬೀಳದಿರಲೆಂದು ಹಚ್ಚುವ ತೆಳ್ಳನೆಯ ಹಾಳೆ. ಹಾಕುವ ಮೊದಲು ತೆಗೆಯಬೇಕಾದದ್ದು, ಇಲ್ಲದಿದ್ದರೆ ಬಿಸಿ ತಾಮ್ರಕ್ಕೆ ದಾಟುವುದಿಲ್ಲ. ಮಾವ ಅದನ್ನು ತೆಗೆದಿರಲಿಲ್ಲ. ಅದರ ಮೇಲೆಯೇ, ಉದ್ದಿನ ಕಾಳಿನಷ್ಟು ಹಾಕಿದ ಪೇಸ್ಟ್ ದುಂಡಗೆ ಹರಡಿ ಕೂತಿತ್ತು. ಅಳತೆ ಸರಿಯಾಗಿಯೇ ಇತ್ತು.

ಕೂಲರ್ ಒಳ್ಳೆಯದು. ತನ್ನ ಸಾಮಾನು ಒಳ್ಳೆಯದು. ಇದನ್ನು ಹಾಗೆಯೇ ಅಂಗಳಕ್ಕೆ ಕೊಂಡುಹೋಗಿ ನೋಣಯ್ಯನ ಮೂಗಿನ ಕೆಳಗೆ ಹಿಡಿದರೆ ಸಾಕು. ಸಂಜೆಯ ಬಸ್ಸಿನಲ್ಲಿ ಸುದ್ದಿ ಬೆಳ್ತಂಗಡಿ ಮುಟ್ಟುತ್ತದೆ. ಮಾಮಿಯೂ ತಲೆ ಎತ್ತಿ ನೋಡಬೇಕಾಗುತ್ತದೆ. ಅವನು ಬಾಗಿಲವರೆಗೆ ನಡೆದ. ಅಲ್ಲಿಂದ ಮಾವನ ಪಾದಗಳು ಕಾಣುತ್ತಿದ್ದವು, ಹೆಬ್ಬೆರಳುಗಳನ್ನು ಸೇರಿಸಿ ಕಟ್ಟಿದ್ದರು. ಹಾಳೆ ತೆಗೆಯಿರಿ ಎಂದು ಏಣಿಯ ಮೇಲಿಂದ ತಾನು ಹೇಳಿದ್ದೆನೇ? ಸ್ಕ್ರೂ ಹೇಳಿದ್ದು ನೆನಪಿತ್ತು, ಉದ್ದಿನ ಕಾಳು ನೆನಪಿತ್ತು. ಹಾಳೆ ನೆನಪಾಗಲಿಲ್ಲ.

ಹಿಂದೆ ಬಂದು ಕೂತು ಮತ್ತೆ ನೋಡಿದ. ಹಾಳೆಯ ಒಂದು ಮೂಲೆ ಎದ್ದಿತ್ತು. ಉಗುರು ಹಾಕಿ ಎಬ್ಬಿಸಿ, ಮತ್ತೆ ಒತ್ತಿಬಿಟ್ಟಂತೆ. ಈಗ ಎತ್ತುವಾಗ ತನ್ನದೇ ಬೆರಳು ತಾಗಿತೋ, ಕಂಪನಿಯಿಂದ ಬರುವಾಗಲೇ ಹಾಗಿತ್ತೋ ಹೇಳುವುದು ಕಷ್ಟ.

ಅವನು ಹಾಳೆಯನ್ನು ಸುಲಿದು ಜೇಬಿಗೆ ಹಾಕಿದ. ಮೇಜಿನ ಖಾನೆಯಲ್ಲಿ ಪೇಸ್ಟಿನ ಟ್ಯೂಬ್ ತೊಟ್ಟೆಯಲ್ಲಿ ಸುತ್ತಿ ರಬ್ಬರ್ ಹಾಕಿ ಇಟ್ಟದ್ದು ಸಿಕ್ಕಿತು. ಒರೆಸಿ, ಹಚ್ಚಿ, ಕೂರಿಸಿ, ಆನ್ ಮಾಡಿದ. ಹುಚ್ಚು ಹಿಡಿದಂತೆ ಕೂಗುತ್ತದೆ ಎಂದು ಮಾವ ಫೋನಿನಲ್ಲಿ ಹೇಳುತ್ತಿದ್ದ ಫ್ಯಾನು ಈಗ ಕೇಳಿಸದಷ್ಟು ಮೆಲ್ಲಗೆ ತಿರುಗಿತು. ವಿಸ್ಮಿತಾ ಬಂದು ಫೋಟೋ ಹುಡುಕಿದಳು. ಮಾವ ಕಣ್ಣು ಬಿಟ್ಟುಕೊಂಡು, ಪಾಯಸದ ಲೋಟ ಹಿಡಿದು ನಗುತ್ತಿದ್ದರು. ಲೋಟ ಕಾಣದ ಹಾಗೆ ಅವಳು ಫೋಟೋ ಕತ್ತರಿಸಿದಳು.

"ಆಫ್ ಆಗ್ಲಿಲ್ಲ," ಎಂದಳು. "ಏನಾಗಿತ್ತು ಭಾವ?"

"ಧೂಳು."

"ಧೂಳಾ? ಅಪ್ಪ ವಾರಕ್ಕೊಮ್ಮೆ ತೆಗೀತಿದ್ರಲ್ಲ."

"ಒಳಗೆ ಕೂತಿತ್ತು. ಹೊರಗಿನಿಂದ ಕಾಣುವುದಿಲ್ಲ."

ಕಿಟಕಿಯಾಚೆಯಿಂದ ನೋಣಯ್ಯ ಇಣುಕಿದರು. "ಸರಿಯಾಯ್ತಾ? ಮಾವ ಹೋದ ಮೇಲೆ ನಿನಗೆ ಪುರುಸೊತ್ತಾಯ್ತು ನೋಡು."

ನಿತೇಶ್ ತಗಡಿನ ಕೊನೆಯ ಸ್ಕ್ರೂ ತಿರುಗಿಸುತ್ತಿದ್ದ. "ಹೌದು ನೋಣಯ್ಯಣ್ಣ," ಎಂದ.

*

ಸ್ನಾನ ಮಾಡಿಸಿ ಹೊಸ ಪಂಚೆ ಉಡಿಸಿದರು. ಬಿಳಿ ಬಟ್ಟೆ ಹೊದಿಸಬೇಕು ಎನ್ನುವಾಗ ಪೂವಮ್ಮ ಎದ್ದು ಕಂಪ್ಯೂಟರಿನ ಕೋಣೆಗೆ ಹೋಗಿ ತಿಳಿನೀಲಿ ಅಂಗಿಯನ್ನು ತಂದರು.

"ಅಂಗಿ ಹಾಕುವ ಕ್ರಮ ಇಲ್ಲ ಪೂವಮ್ಮ," ಎಂದರು ನೋಣಯ್ಯ. "ಬಿಳಿ ಬಟ್ಟೆ ಸಾಕು."

"ಕ್ರಮ ನಾಳೆಯಿಂದ ನೋಡುವ," ಎಂದರು ಪೂವಮ್ಮ. ಅಂಗಿಯನ್ನು ನಿತೇಶನ ಕೈಗೆ ಕೊಟ್ಟರು. "ಹಾಕು."

ಮಾವನ ಕೈ ಬಗ್ಗಲಿಲ್ಲ. ಅವನೂ ವಿಸ್ಮಿತಾಳೂ ಸೇರಿ ಒಂದು ತೋಳು, ಆಮೇಲೆ ಇನ್ನೊಂದು ತೋಳು ಏರಿಸಿದರು. ಗುಂಡಿ ಹಾಕುವಾಗ ನಿತೇಶ್ ಕೇಳಿದ, ಕೇಳಬಾರದಿತ್ತೋ ಏನೋ: "ಇದನ್ನು ಪೆಟ್ಟಿಗೆಯಿಂದ ತೆಗೆದದ್ದು ಯಾರು ಮಾಮಿ?"

"ಅವರೇ. ನಿನ್ನೆ ಸಂಜೆ. ಪಿನ್ನು ಒಂದೊಂದೇ ಕಿತ್ತು, ಡಬ್ಬಿಯಲ್ಲಿ ಹಾಕಿಟ್ಟು, ಗೂಟಕ್ಕೆ ಹಾಕಿದರು. ಬೆಳಿಗ್ಗೆ ಮೂಡುಬಿದಿರೆಗೆ ಹೋಗ್ಲಿಕ್ಕುಂಟು ಅಂದ್ರು."

"ಯಾಕೆ ಅಂತ ಹೇಳಿದ್ರಾ?"

"ಇಲ್ಲ. ಅವರು ಯಾವಾಗ ಹೇಳಿದ್ದುಂಟು." ಪೂವಮ್ಮ ಗಂಡನ ಕಾಲರನ್ನು ಸರಿಮಾಡಿದರು. ಸ್ನಾನ ಮಾಡಿಸಿದ ಮೇಲೂ ತುಟಿಯ ಮೂಲೆಯಲ್ಲಿ ಉಳಿದಿದ್ದ ಬಿಳಿಯನ್ನು ಸೆರಗಿನಿಂದ ಒರೆಸಿದರು. "ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಅಂತ ತಿಳೀಬೇಡ. ಒಂದು ಸಲ ಬಂದು ನೋಡಬಹುದಿತ್ತು ನೀನು. ಆದರೂ ಕೊಳ್ಳಿ ನೀನೇ ಇಡು."

ಅವನು ತಲೆಯಾಡಿಸಿದ. ಜೇಬಿನಲ್ಲಿದ್ದ ಹಾಳೆ ಬಗ್ಗಿದಾಗ ಸಣ್ಣಗೆ ಸದ್ದು ಮಾಡಿತು. ಅವನಿಗೊಬ್ಬನಿಗೇ ಕೇಳಿಸಿರಬೇಕು.

ಹಿತ್ತಿಲಿನಲ್ಲಿ ಹಸಿ ಮಾವಿನ ಕಟ್ಟಿಗೆ ಒಟ್ಟಿ, ನಡುನಡುವೆ ತೆಂಗಿನ ಗೆರಟೆ ತುಂಬಿದ್ದರು. ಮೂಡುಬಿದಿರೆಯಲ್ಲಿ ಮಾವನ ಹಲ್ಲಿನ ಡಾಕ್ಟರಿದ್ದರು, ಬ್ಯಾಂಕಿತ್ತು, ಸಂಜೆಯವರೆಗೆ ಹರಟುವ ಹಳೆಯ ಕಂಡಕ್ಟರುಗಳಿದ್ದರು. ನಿತೇಶನ ಅಂಗಡಿಯೂ ಇತ್ತು. ಅವರು ಯಾರಲ್ಲಿಗೆ ಹೊರಟಿದ್ದರು, ಆ ಹಾಳೆಯ ಮೂಲೆಯನ್ನು ಎಬ್ಬಿಸಿದ್ದು ಯಾರ ಉಗುರು, ಎಬ್ಬಿಸಿದವರು ಮತ್ತೆ ಯಾಕೆ ಒತ್ತಿಬಿಟ್ಟರು, ಇದು ಯಾವುದೂ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ.

ಮುಖದ ಮೇಲೆ ಬಟ್ಟೆ ಎಳೆಯುವ ಮೊದಲು ಎಲ್ಲರೂ ಕೊನೆಯದಾಗಿ ನೋಡಿದರು. ತಿಳಿನೀಲಿ ಅಂಗಿಯ ಮೇಲೆ ಪೆಟ್ಟಿಗೆಯ ಮಡಿಕೆಗಳು ಚೌಕ ಚೌಕವಾಗಿ ಹಾಗೆಯೇ ಎದ್ದು ನಿಂತಿದ್ದವು. ನಿತೇಶ್ ಅಂಗೈಯಿಂದ ಒಮ್ಮೆ ಸವರಿದ. ಮಡಿಕೆಗಳು ಹೋಗಲಿಲ್ಲ.