ಮೇಡಂ ಕೇಳಿದರೆ ಮಾತ್ರ

ಶಿಕಾರಿಪುರದ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿರುವ ಯಶೋಧರಾಳಿಗೆ ತನ್ನ ಕೆಂಪು ಪೆನ್ನಿನ ಮೇಲೆ ಇದ್ದಷ್ಟು ಭರವಸೆ ದೇವರ ಮೇಲೂ ಇರಲಿಲ್ಲ. ದೇವರಾದರೂ ಒಮ್ಮೊಮ್ಮೆ ನೋಡಿಯೂ ನೋಡದಂತೆ ಇದ್ದುಬಿಡುತ್ತಾನೆ, ಆ ಪೆನ್ನು ಬಿಡುತ್ತಿರಲಿಲ್ಲ. ಅಲ್ಪವಿರಾಮ ಒಂದು ಕೂದಲೆಳೆ ಆಚೀಚೆ ಆದರೂ ಸುತ್ತು ಹಾಕುತ್ತಿತ್ತು.

ಒಂಬತ್ತನೇ ತರಗತಿಗೆ ಅವಳು ತುಂಬ ಇಷ್ಟಪಟ್ಟು ಮಾಡುತ್ತಿದ್ದುದು 'ಇಫ್' ಪಾಠ. "ಮಳೆ ಬಂದರೆ ಅನ್ನೋ ಮಾತಿಗೆ ನಾವು ಹಿಂದುಗಡೆ ಬಾಲ ಕಟ್ತೀವಿ. ಬಂದರೆ ಮಾತ್ರ, ಬಂದರೂ, ಹಿಂಗೆ. ಇಂಗ್ಲಿಷಿನೋರು ಮುಂದುಗಡೆ ಮೂಗುದಾರ ಹಾಕ್ತಾರೆ. ಓನ್ಲಿ ಇಫ್, ಈವನ್ ಇಫ್, ಎಸ್ಪೆಷಲಿ ಇಫ್. ಎತ್ತು ಒಂದೇ ಕಣ್ರೋ, ದಾರ ಹೆಂಗೆ ಎಳೀತೀರೋ ಹಂಗೆ ತಿರುಗ್ತದೆ," ಎಂದು ಶುರುಮಾಡಿದಳೆಂದರೆ ಹಿಂದಿನ ಬೆಂಚಿನವರೂ ಆಕಳಿಕೆ ಬಿಟ್ಟು ಕೇಳುತ್ತಿದ್ದರು. ಪಾಠ ಮುಗಿದ ಮೇಲೆ ಪ್ರತಿಯೊಬ್ಬರೂ ಹತ್ತು ವಾಕ್ಯ ಬರೆದು ತರಬೇಕು. ಗೈಡಿನಿಂದ ಎತ್ತಿ ಬರೆದರೆ ಸೊನ್ನೆ. ತಮ್ಮ ಮನೆಯದು, ತಮ್ಮ ಬದುಕಿನದು, ಅದೂ ನಿಜವಾದದ್ದನ್ನೇ ಬರೆಯಬೇಕು. ಈ ಪದ್ಧತಿ ತಾನೇ ಕಂಡುಹಿಡಿದದ್ದು ಎಂದು ಅವಳಿಗೆ ಹೆಮ್ಮೆ, ಹೆಮ್ಮೆಪಡುವಂಥದ್ದೇ ಆಗಿತ್ತು ಕೂಡ.

ಹಾಗೆ ಬಂದ ಐವತ್ತನಾಲ್ಕು ನೋಟ್‌ಬುಕ್ಕುಗಳನ್ನು ಅವಳು ಎರಡು ಬಿಡುವಿನ ಪಿರಿಯಡ್ಡಿನಲ್ಲಿ ತಿದ್ದಿ ಮುಗಿಸುತ್ತಿದ್ದಳು. ಅಕ್ಕಿ ಆರಿಸುವವಳ ಕಣ್ಣಿಗೆ ಕಲ್ಲು ಕಾಣುತ್ತದೆಯೇ ಹೊರತು ಅಕ್ಕಿ ಕಾಣುವುದಿಲ್ಲ. 'ಓನ್ಲಿ' ಎಲ್ಲಿ ಕೂತಿದೆ, 'ಇಫ್' ಎಲ್ಲಿದೆ, ಕ್ರಿಯಾಪದದ ಬಾಲ ಸರಿಯಾಗಿದೆಯೇ, ಅಷ್ಟು ನೋಡಿದರೆ ಟಿಕ್ ಬೀಳುತ್ತಿತ್ತು.

ನವೆಂಬರಿನ ಒಂದು ಗುರುವಾರ ಸೊರಬದಲ್ಲಿ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಇಂಗ್ಲಿಷ್ ಶಿಕ್ಷಕರಿಗೆ ಒಂದು ದಿನದ ತರಬೇತಿ ಇತ್ತು. ಯಶೋಧರಾ ತನ್ನ ಪದ್ಧತಿಯನ್ನು ಮಿಕ್ಕವರಿಗೆ ತೋರಿಸಿಕೊಡಬೇಕೆಂದು ಮೇಲಿನಿಂದಲೇ ಸೂಚನೆ ಬಂದಿತ್ತು. ಹಿಂದಿನ ಸಂಜೆ ಅವಳು ಕಪಾಟು ತೆಗೆದು, ಆಗಸ್ಟಿನಲ್ಲಿ ತಿದ್ದಿ, ಮಕ್ಕಳಿಗೆ ಒಮ್ಮೆ ತೋರಿಸಿ, ಇನ್‌ಸ್ಪೆಕ್ಷನ್ನಿಗೆಂದು ಮತ್ತೆ ಒಳಗಿಟ್ಟಿದ್ದ ಗ್ರಾಮರ್ ನೋಟುಗಳ ಹಾಳೆಗಳನ್ನು ಸರಸರ ತಿರುವಿದಳು. ಒಂದೂ ಕೆಂಪು ಸುತ್ತಿಲ್ಲದ ನೋಟು ಒಂದೇ ಒಂದು ಸಿಕ್ಕಿತು. ಯಾರದೆಂದು ನೋಡುವ ಗೋಜಿಗೂ ಹೋಗದೆ ಅದನ್ನು ಬ್ಯಾಗಿಗೆ ಹಾಕಿಕೊಂಡಳು.

ಸೊರಬದಲ್ಲಿ ಪ್ರದರ್ಶನ ಅಚ್ಚುಕಟ್ಟಾಗಿ ನಡೆಯಿತು. ಮೂಗುದಾರದ ಮಾತಿಗೆ ಎಲ್ಲರೂ ನಕ್ಕರು. ಊಟದ ಹೊತ್ತಿಗೆ ಆ ಮಾದರಿ ನೋಟು ಕೈಯಿಂದ ಕೈಗೆ ಹೋಯಿತು. ನೋಡಿದವರೆಲ್ಲ "ತಪ್ಪೇ ಇಲ್ವಲ್ರೀ" ಎಂದು ಮುಂದೆ ದಾಟಿಸಿದರು. ಹೊಸಬಾಳೆಯಿಂದ ಬಂದಿದ್ದ ಗುರುಪ್ರಕಾಶ್ ಎಂಬ ಹೊಸ ಮೇಷ್ಟ್ರು ಮಾತ್ರ ದಾಟಿಸಲಿಲ್ಲ. ಅವನ ಇಂಗ್ಲಿಷ್ ಇನ್ನೂ ನಿಧಾನದ್ದು. ಒಂದೊಂದೇ ಪದ ತುಟಿಯಲ್ಲಿ ಉಚ್ಚರಿಸುತ್ತ, ಒಳಗೇ ಕನ್ನಡ ಮಾಡಿಕೊಳ್ಳುತ್ತ ಓದುತ್ತಿದ್ದ. ಎಲೆಯ ಮೇಲಿನ ಅನ್ನ ಆರುತ್ತಿತ್ತು.

"ಮೇಡಂ, ಇವೆಲ್ಲ ನಿಜವಾದ ವಾಕ್ಯಾನಾ?" ಎಂದ.

"ನಿಜ ಬರೀಬೇಕು ಅನ್ನೋದೇ ನಮ್ಮ ನಿಯಮ," ಎಂದಳು ಯಶೋಧರಾ, ಸಾರಿಗೆ ಕೈಯೊಡ್ಡುತ್ತ.

"ಹಂಗಾರೆ ನೀವು ಈ ಹುಡುಗೀನ ಕೇಳಿದ್ರಾ?"

"ಏನನ್ನ?"

ಗುರುಪ್ರಕಾಶ್ ನೋಟನ್ನು ಅವಳ ಎಲೆಯ ಪಕ್ಕ ತಿರುಗಿಸಿ ಇಟ್ಟ. ಯಶೋಧರಾ ಎಡಗೈಯಲ್ಲಿ ಹಿಡಿದು ಓದಿದಳು. ತಾನೇ ಟಿಕ್ ಹಾಕಿದ್ದ ಹಾಳೆಯನ್ನು ಅವಳು ಓದಿದ್ದು ಅದೇ ಮೊದಲು.

ಪಕ್ಕದವಳ ನೋಟು ಕಂಡರೆ ಮಾತ್ರ ಬೋರ್ಡಿನ ಮೇಲೆ ಏನಿದೆಯೆಂದು ನನಗೆ ಗೊತ್ತಾಗುತ್ತದೆ. ಮೊದಲ ಬೆಂಚಿನಲ್ಲಿ ಕೂತರೂ ಅಕ್ಷರಗಳು ಇರುವೆಯ ಹಾಗೆ ಕಾಣುತ್ತವೆ. ಯಾರಾದರೂ ಊರಿನ ಹೆಸರು ಕೂಗಿದರೆ ಮಾತ್ರ ನಾನು ಬಸ್ಸು ಹತ್ತುತ್ತೇನೆ. ಎಡವಿ ಬಿದ್ದರೂ ಮನೆಯಲ್ಲಿ ಹೇಳುವುದಿಲ್ಲ, ಅದರಲ್ಲೂ ಅಪ್ಪ ಮನೆಯಲ್ಲಿದ್ದರೆ. ಹೀಗೆ ಒಂಬತ್ತು. ಪ್ರತಿಯೊಂದಕ್ಕೂ ಕೆಂಪು ಟಿಕ್. ಹತ್ತನೆಯದು ಹೀಗಿತ್ತು: ಮೇಡಂ ಕೇಳಿದರೆ ಮಾತ್ರ ಹೇಳುತ್ತೇನೆ. ಅದರ ಕೆಳಗೆ, ಯಶೋಧರಾಳದೇ ದುಂಡನೆಯ ಅಕ್ಷರದಲ್ಲಿ, 'ವೆರಿ ಗುಡ್'.

ಯಶೋಧರಾ ಹೊದಿಕೆ ತಿರುವಿ ಹೆಸರು ನೋಡಿದಳು. ಕರುಣಾ ಎಂ., ಅಂಜನಾಪುರ.

ಈ ಕರುಣಾಳನ್ನೇ ಅವಳು ಮೂರು ತಿಂಗಳಿಂದ ಕೊನೆಯ ಬೆಂಚಿನಲ್ಲಿ ಕೂರಿಸಿದ್ದಳು. ಕಾರಣ, ಮಾತೆತ್ತಿದರೆ ಪಕ್ಕದವಳ ನೋಟಿಗೆ ಇಣುಕುತ್ತಿದ್ದಳು. ಮನೆಯಿಂದ ಬರೆದು ತಂದದ್ದು ಚೊಕ್ಕವಾಗಿರುತ್ತಿತ್ತು, ತರಗತಿಯಲ್ಲಿ ಮಾತ್ರ ಕಳ್ಳದೃಷ್ಟಿ. ಬುದ್ಧಿ ಇದ್ದೂ ಕದಿಯುವವರನ್ನು ಕಂಡರೆ ಯಶೋಧರಾಳಿಗೆ ಮೈಯೆಲ್ಲ ಉರಿ. ಎರಡು ದಿನದ ಹಿಂದೆ, ಮಂಗಳವಾರ, ಅವಳ ಅಪ್ಪ ಮಾಲತೇಶನನ್ನು ಶಾಲೆಗೆ ಕರೆಸಿ, ಸ್ಟಾಫ್ ರೂಮಿನಲ್ಲಿ ಎಲ್ಲರೆದುರು "ನಿಮ್ಮ ಮಗಳಿಗೆ ಕಾಪಿ ಹೊಡೆಯೋ ಚಾಳಿ ಬಿದ್ದಿದೆ, ನೀವೇ ತಿದ್ಕೊಳ್ರಿ" ಎಂದಿದ್ದಳು. ಮಾಲತೇಶ ಕೈಮುಗಿದು, ತಲೆ ತಗ್ಗಿಸಿ ಹೋಗಿದ್ದ.

ಅವಳು ಅರ್ಧ ಊಟದಲ್ಲೇ ಎದ್ದು ಹೆಡ್‌ಮಾಸ್ಟರಿಗೆ ಫೋನು ಮಾಡಿದಳು. ಅವರು ಆರಾಮಾಗಿ ಹೇಳಿದರು: "ಮಾಲತೇಶ ಬೆಳಿಗ್ಗೆ ಬಂದು ಟಿ.ಸಿ.ಗೆ ಅರ್ಜಿ ಕೊಟ್ಟು ಹೋದ್ನಲ್ರೀ. ನಾಳೆ ಬಾ ಅಂದೀನಿ. ಕದ್ದು ಓದೋದಕ್ಕಿಂತ ಓದದೇ ಇರೋದು ಮೇಲು ಅಂದ. ಹುಡುಗೀನ ಟೈಲರಿಂಗಿಗೆ ಹಾಕ್ತಾನಂತೆ. ನಿಮಗೂ ಒಂದು ತಲೆನೋವು ತಪ್ತು ಬಿಡ್ರಿ."

ಬೋರ್ಡೇ ಕಾಣದ ಹುಡುಗಿಯ ಕೈಗೆ ಸೂಜಿ. ಯಶೋಧರಾ "ನಾಳೆ ಯಾವ ಕಾರಣಕ್ಕೂ ಕೊಡಬೇಡ್ರಿ ಸಾರ್" ಎಂದಳು. ಅವರು "ಅಪ್ಪ ಅನ್ನೋನು ಬೇಕು ಅಂದ್ರೆ ನಾನೇನು ಮಾಡ್ಲಿ" ಎಂದರು. ಮಾಲತೇಶನಿಗೆ ಮಾಡಿದ ಫೋನು ರಿಂಗಾಗಿ ರಿಂಗಾಗಿ ನಿಂತಿತು. ತರಬೇತಿಯವರಿಗೆ ಒಂದು ಮಾತು ಹೇಳಿ ಅವಳು ಬಸ್‌ಸ್ಟ್ಯಾಂಡಿಗೆ ನಡೆದಳು.

ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೂ ಅವಳಿಗೆ ಹೊರಗಿನದೇನೂ ಕಾಣಲಿಲ್ಲ. ದಸರಾ ರಜೆಗೆ ಮುಂಚೆ ಒಂದು ದಿನ ಶಿಕಾರಿಪುರದ ನಿಲ್ದಾಣದಲ್ಲಿ ಇದೇ ಹುಡುಗಿ ಹತ್ತಿರ ಬಂದು, "ಇದು ಯಾವ ಬಸ್ಸು ಮೇಡಂ?" ಎಂದು ಕೇಳಿದ್ದು ನೆನಪಾಯಿತು. ಬಸ್ಸಿನ ಹಣೆಯ ಮೇಲೆ ಊರಿನ ಹೆಸರು ಮೊಳದುದ್ದ ಬರೆದಿತ್ತು. "ಯಾಕೆ, ಕಣ್ಣು ಕಾಣಲ್ವಾ?" ಎಂದು ತಾನು ಗದರಿದ್ದೂ ನೆನಪಾಯಿತು. ಹುಡುಗಿ ಆಗ ಅವಳ ಮುಖವನ್ನೇ ನೋಡುತ್ತ, ಇನ್ನೂ ಏನೋ ಕೇಳುತ್ತಾರೆಂಬಂತೆ ಒಂದು ಗಳಿಗೆ ನಿಂತಿದ್ದಳು. ಯಶೋಧರಾ ಅದನ್ನು ಉದ್ಧಟತನ ಎಂದುಕೊಂಡಿದ್ದಳು. ಈಗ ನಾಚಿಕೆಯಿಂದ ಸೆರಗು ಬಾಯಿಗೊತ್ತಿಕೊಂಡಳು.

ಅಂಜನಾಪುರದಲ್ಲಿ ಆಟೋ ಇಳಿದಾಗ ನಾಲ್ಕೂವರೆ. ಮಾಲತೇಶನ ಮನೆಯ ಮುಂದೆ ಮೆಕ್ಕೆಜೋಳ ಒಣಹಾಕಿತ್ತು. ಅವನ ತಾಯಿ ಗುಡ್ಡಮ್ಮ ಕಾಲಿನಲ್ಲಿ ಕಾಳು ತಿರುವುತ್ತ ಓಡಾಡುತ್ತಿದ್ದಳು. ಮಾಲತೇಶ ಚೀಲಕ್ಕೆ ತುಂಬುತ್ತಿದ್ದವನು ಟೀಚರನ್ನು ಕಂಡು ಕೈ ಕೊಡವಿ ಎದ್ದ. ಅವನ ಮುಖ ಇಳಿದುಹೋಯಿತು.

"ನೀವ್ಯಾಕೆ ಇಲ್ಲೀತನ ಬರಾಕೆ ಹೋದ್ರಿ ಮೇಡಂ. ನಾನು ಅರ್ಜಿ ಕೊಟ್ಟು ಬಂದೀನಿ. ಇನ್ನು ನಿಮಗೆ ತೊಂದ್ರೆ ಆಗಲ್ಲ," ಎಂದ.

ಒಳಗಿನಿಂದ ಕರುಣಾ ನೀರು ತಂದಳು. ಲೋಟವನ್ನು ಯಶೋಧರಾ ಚಾಚಿದ ಕೈಗಿಂತ ಗೇಣು ಆಚೆಗೆ ಹಿಡಿದಳು. ಯಶೋಧರಾ ತಾನೇ ಕೈ ಮುಂದೆ ಮಾಡಿ ತೆಗೆದುಕೊಂಡಳು.

"ಮಾಲತೇಶ್, ನಿಮ್ಮ ಮಗಳು ಕಾಪಿ ಹೊಡೀತಿರಲಿಲ್ಲ. ಅವಳಿಗೆ ಬೋರ್ಡು ಕಾಣಲ್ಲ."

"ಕಾಣಲ್ಲ ಅಂದ್ರೆ?"

"ಕರುಣಾ, ಎದುರಿಗೆ ನಿಂತಿರೋ ಟ್ರ್ಯಾಕ್ಟರಿನ ಮೇಲೆ ಏನು ಬರ್ದಿದೆ ಓದಮ್ಮ."

ಟ್ರ್ಯಾಕ್ಟರು ರಸ್ತೆಯ ಆಚೆ ಇತ್ತು. ಹಳದಿ ಬಣ್ಣದಲ್ಲಿ ದಪ್ಪಗೆ 'ತಾಯಿಯ ಆಶೀರ್ವಾದ' ಎಂದಿತ್ತು. ಹುಡುಗಿ ಆ ಕಡೆ ಮುಖ ಮಾಡಿ ಸುಮ್ಮನೆ ನಿಂತಳು. ಮಾಲತೇಶ ಮಗಳನ್ನೂ ಟ್ರ್ಯಾಕ್ಟರನ್ನೂ ಒಂದೆರಡು ಸಲ ನೋಡಿದ. ಆಮೇಲೆ ಜೋಳದ ರಾಶಿಯ ಮೇಲೇ ಕುಸಿದು ಕೂತ.

"ಮೊನ್ನೆ ಕತ್ಲಾಗೋ ಹೊತ್ನಾಗೆ ನನ್ನೇ ಎಮ್ಮೆಕರ ಅನ್ಕಂಡು ಹೊಯ್ ಅಂದ್ಲು," ಎಂದಳು ಗುಡ್ಡಮ್ಮ. "ಮುದುಕೀನ ತಮಾಷೆ ಮಾಡ್ತಾಳೆ ಅಂತ ನಾನೂ ಬೈದೆ."

"ಯಾಕವ್ವ ಹೇಳ್ಲಿಲ್ಲ ನೀನು?" ಮಾಲತೇಶ ಮಗಳ ಕಡೆ ತಿರುಗಿದ.

ಕರುಣಾ ಲಂಗದ ಅಂಚು ಹಿಡಿದುಕೊಂಡು ನಿಂತಿದ್ದಳು. "ಅಕ್ಕನ್ನ ನೋಡಾಕೆ ಬಂದೋರು ಕನ್ನಡಕ ಐತಿ ಅಂತ ಎದ್ದು ಹೋದ್ರಲ್ಲಪ್ಪ. ಆವತ್ತು ನೀನು ಉಣ್ಣಲಿಲ್ಲ," ಎಂದಳು. ಮತ್ತೆ, "ಮೇಡಂಗೆ ಹೇಳಿದ್ದೆ. ಇಂಗ್ಲಿಷ್ನಾಗೆ ಬರ್ದಿದ್ದೆ. ಮನ್ಯಾಗೆ ಯಾರಿಗೂ ತಿಳಿಯಲ್ಲ, ಮೇಡಂಗೊಬ್ರಿಗೆ ತಿಳೀಲಿ ಅಂತ."

ಮಾಲತೇಶ ತಲೆಯೆತ್ತಿ ಯಶೋಧರಾಳನ್ನು ನೋಡಿದ.

"ವೆರಿ ಗುಡ್ ಅಂತ ಬರ್ದಿದ್ರು," ಎಂದು ಕರುಣಾ ಅಪ್ಪನಿಗೇ ಹೇಳಿದಳು. ಅವಳ ಮಾತಿನಲ್ಲಿ ದೂರಿನ ಸೊಲ್ಲಿರಲಿಲ್ಲ. "ಇವತ್ತು ಕೇಳ್ತಾರೆ, ನಾಳೆ ಕೇಳ್ತಾರೆ ಅಂತ ಇದ್ದೆ. ಮುಂದಿನ ವಾರ ಕೊನೇ ಬೆಂಚಿಗೆ ಕಳಿಸಿದ್ರು. ಎಲ್ಲಾ ಗೊತ್ತಿದ್ದೂ ಕಳಿಸಿದ್ರು ಅಂದ್ಮೇಲೆ ನಾನು ಓದೋದು ಅವರಿಗೂ ಬ್ಯಾಡ ಇರ್ಬೇಕು ಅನ್ಕಂಡೆ. ಅದಕ್ಕೇ ನೀನು ಟೈಲರಿಂಗ್ ಅಂದಾಗ ಹ್ಞೂಂ ಅಂದೆ."

ಓದದೆ ಹೋದದ್ದು ತನ್ನ ಪಾಪ ಎಂದುಕೊಂಡು ಯಶೋಧರಾ ಬಂದಿದ್ದಳು. ಈ ಮಗು ಮೂರು ತಿಂಗಳು ಅದಕ್ಕಿಂತ ದೊಡ್ಡದನ್ನು ನಂಬಿ, ದಿನವೂ ಕೊನೆಯ ಬೆಂಚಿನಿಂದ ಎದ್ದು ನಿಂತು "ಗುಡ್ ಮಾರ್ನಿಂಗ್ ಮೇಡಂ" ಎಂದಿತ್ತು.

ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲವೆಂದಲ್ಲ. ಐವತ್ತನಾಲ್ಕು ನೋಟು, ಸೆನ್ಸಸ್ ಕೆಲಸ, ತಲೆನೋವು, ಹೇಳಿದ್ದರೆ ಮಾಲತೇಶ ನಂಬುತ್ತಿದ್ದ. ಯಶೋಧರಾ ಹೇಳಲಿಲ್ಲ.

"ನಾನು ಓದಿರ್ಲಿಲ್ಲ ಕರುಣಾ."

"ಟಿಕ್ ಹಾಕಿದ್ರಲ್ಲ ಮೇಡಂ."

"ಹಾಕಿದ್ದೆ. ತಪ್ಪು ಇದೆಯಾ ಅಂತ ಅಷ್ಟೇ ನೋಡ್ದೆ. ನೀನೇನು ಹೇಳ್ತಿದೀಯ ಅಂತ ನೋಡ್ಲೇ ಇಲ್ಲ. ನಿನ್ನ ಮೇಲೆ ಕಳ್ಳತನ ಹೊರಿಸಿದೆ, ನಿಮ್ಮಪ್ಪನ್ನ ನಾಲ್ಕು ಜನರ ಮುಂದೆ ತಲೆ ತಗ್ಗಿಸೋ ಹಂಗೆ ಮಾಡಿದೆ. ಅದೇ ನಾಲ್ಕು ಜನರ ಮುಂದೆ ನಾಳೆ ಇದನ್ನೂ ಹೇಳ್ತೀನಿ."

ಮಾಲತೇಶ ಬಹಳ ಹೊತ್ತು ಜೋಳದ ಕಾಳನ್ನು ಮುಷ್ಟಿಯಲ್ಲಿ ತುಂಬಿ ಸುರಿಯುತ್ತ ಕೂತಿದ್ದ. ಕೊನೆಗೆ, "ನಾಳೆ ಶಿವಮೊಗ್ಗಕ್ಕೆ ಕರ್ಕಂಡು ಹೋಗ್ತೀನಿ, ಕಣ್ಣಿನ ಡಾಕ್ಟ್ರಿಗೆ ತೋರಸ್ತೀನಿ. ಆ ಅರ್ಜಿ ನೀವೇ ಹರಿದು ಹಾಕ್ರಿ ಮೇಡಂ," ಎಂದ. ಎದ್ದು ಚೀಲದ ಬಾಯಿ ಕಟ್ಟತೊಡಗಿದ. ಟೀಚರ ಮುಖ ನೋಡಲಿಲ್ಲ.

ಕರುಣಾ ನಿಂತಲ್ಲಿಂದ ಹತ್ತಿರ ಬಂದಳು. ಟೀಚರ ಹತ್ತಿರ ಯಾವ ವಿದ್ಯಾರ್ಥಿಯೂ ನಿಲ್ಲದಷ್ಟು ಹತ್ತಿರ. ಮುಖ ಸರಿಯಾಗಿ ಕಾಣಬೇಕಾದರೆ ಅವಳು ಅಷ್ಟು ಹತ್ತಿರ ಬರಬೇಕಿತ್ತು.

"ನಿಜವಾಗ್ಲೂ ಓದಿರ್ಲಿಲ್ವಾ ಮೇಡಂ?"

"ಇಲ್ಲ ಕಣಮ್ಮ. ಒಂದು ಸಾಲೂ ಓದಿರ್ಲಿಲ್ಲ."

ಹುಡುಗಿ ಆ ಮುಖವನ್ನು ಪೂರ್ತಿ ನೋಡಿ ಮುಗಿಸಿದಳು. ಅವಳ ಹೆಗಲು ಇಳಿಯಿತು, ಮುಖ ಅರಳಿತು. "ಹಂಗಾರೆ ನಿಮಗೆ ನನ್ನ ಮ್ಯಾಲೆ ಸಿಟ್ಟು ಇರ್ಲಿಲ್ಲ," ಎಂದು ನಕ್ಕಳು, ಮತ್ತು ಅಜ್ಜಿಗೂ ಅದನ್ನು ಹೇಳಲು ಜೋಳ ತುಳಿದುಕೊಂಡೇ ಓಡಿದಳು.