ಆರನೇ ವಾರದ ತುರಿಕೆ

ಬೆಳಗಿನ ಪಾಳಿ ಮುಗಿಸಿ, ಬಸ್ಸನ್ನು ಡಿಪೋದಲ್ಲಿ ಬಿಟ್ಟು ಮನೆಗೆ ಬಂದವಳಿಗೆ ಬಾಗಿಲಲ್ಲೇ ಪರಪರ ಸದ್ದು ಕೇಳಿಸಿತು. ನಾಯಿ ಡುಮ್ಮ ಮತ್ತೆ ಮೈ ಕೆರೆದುಕೊಳ್ಳುತ್ತಿದ್ದ. ಕಿವಿ ಕೆಂಪಗೆ ಬಾತಿತ್ತು. ನೆಕ್ಕಿ ನೆಕ್ಕಿ ಪಾದದ ಕೂದಲು ಉದುರಿ ರಕ್ತ ಜಿನುಗುತ್ತಿತ್ತು.

ಅವಳಿಗೆ ಸಿಟ್ಟು ನೆತ್ತಿಗೇರಿತು. ಆರು ವಾರದಿಂದ ಆ ನಾಯಿಗೆ ಮೊಲದ ಮಾಂಸ, ಬೇಯಿಸಿದ ಆಲೂಗಡ್ಡೆ ಬಿಟ್ಟು ಬೇರೇನೂ ಹಾಕಿರಲಿಲ್ಲ. ಯಾವ ಆಹಾರ ಒಗ್ಗುತ್ತಿಲ್ಲ ಅಂತ ತಿಳಿಯಲು ರಕ್ತಪರೀಕ್ಷೆ ನಂಬುವಂತಿಲ್ಲ, ಹಿಂದೆಂದೂ ತಿನ್ನದ್ದನ್ನಷ್ಟೇ ಎಂಟು ವಾರ ಹಾಕಿ, ತುರಿಕೆ ನಿಂತ ಮೇಲೆ ಹಳೆಯದನ್ನು ಒಂದೊಂದಾಗಿ ಕೊಟ್ಟು ನೋಡಬೇಕು ಎಂದಿದ್ದರು ನಾಯಿ ಡಾಕ್ಟರಮ್ಮ. ನಡುವೆ ಒಂದು ಚೂರು ಬೇರೆಯದು ಬಿದ್ದರೂ ಮಾಡಿದ್ದೆಲ್ಲ ದಂಡ. "ಮನೇಲಿ ವಯಸ್ಸಾದವರಿದ್ರೆ ಅವರ ಮೇಲೊಂದು ಕಣ್ಣಿಡಿ," ಅಂತಲೂ ಸೇರಿಸಿದ್ದರು.

ಮನೆಯಲ್ಲಿ ವಯಸ್ಸಾದವರೆಂದರೆ ಮಾವ ಒಬ್ಬರೇ. ಗಡಿಯಾರ ರಿಪೇರಿ ಮಾಡುತ್ತಲೇ ಮುದುಕರಾದವರು. ಡುಮ್ಮ ಮಲಗುವುದು ಅವರ ಮಂಚದ ಪಕ್ಕದಲ್ಲೇ.

"ಏನು ಕೊಟ್ರಿ ಇವನಿಗೆ?"

"ನಾನೇನೂ ಕೊಟ್ಟಿಲ್ಲಮ್ಮ."

"ಮತ್ತೆ ಈ ಬಿಸ್ಕತ್ ಡಬ್ಬಿ?"

"ಅದು ನಾನು ತಿನ್ನೋಕೆ."

"ನಿಮ್ಮ ಕೈ ಸುಮ್ನಿರಲ್ಲ ಅಂತ ನನಗೆ ಗೊತ್ತಿಲ್ವಾ? ನಿಮ್ಮ ಮುದ್ದಿಗೆ ಇವನು ಚರ್ಮ ಕಿತ್ತುಕೊಂಡು ಸಾಯ್ಲಿ ಬಿಡಿ."

ಡಬ್ಬಿಯನ್ನು ಅಡುಗೆಮನೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಸ್ವಲ್ಪ ಮೆತ್ತಗೆ ಹೇಳಬಾರದಾ ಎಂದ ಗಂಡನಿಗೂ ಬಿಸಿ ಮುಟ್ಟಿತು. ಅಂದಿನಿಂದ ಮಾವ ತಟ್ಟೆ ಹಿಡಿದು ತಮ್ಮ ಕೋಣೆ ಸೇರಿದರು.

ನಾಲ್ಕನೇ ದಿನ ಅವರೇ ಬಂದು ಗೋಡೆಯ ಕ್ಯಾಲೆಂಡರನ್ನೂ ಒಂದು ಮಾತ್ರೆ ಡಬ್ಬಿಯನ್ನೂ ಅವಳ ಮುಂದಿಟ್ಟರು.

"ಇದು ನಿನ್ನ ಕೈಬರಹಾನೇ ತಾನೇ? ಮೈಗೆ ಉಣ್ಣೆಹುಳ ಹತ್ತದಿರಲಿ ಅಂತ ತಿಂಗಳಿಗೊಂದು ಮಾತ್ರೆ. ಎರಡನೇ ವಾರ ಕೊಟ್ಟಿದ್ದೀಯ, ಮೂರನೇ ದಿನಕ್ಕೆ ತುರಿಕೆ ಜಾಸ್ತಿ ಅಂತ ಬರೆದಿದ್ದೀಯ. ಆರನೇ ವಾರ ಕೊಟ್ಟೆ, ಮೂರನೇ ದಿನಕ್ಕೆ ರಕ್ತ. ಈಗ ಇದನ್ನ ಓದು." ಗಡಿಯಾರ ನೋಡುವ ಭೂತಗನ್ನಡಿಯನ್ನು ಅವಳ ಕೈಗಿಟ್ಟರು.

ಡಬ್ಬಿಯ ಬೆನ್ನಿಗೆ ಇರುವೆ ಸಾಲಿನಂಥ ಅಕ್ಷರಗಳಿದ್ದವು. ರುಚಿಗಾಗಿ ಕೋಳಿಯ ಲಿವರ್ ಪುಡಿ.

ಅವಳು ಡಬ್ಬಿ ಎತ್ತಿಕೊಂಡು ಸೀದಾ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಬೆಕ್ಕೊಂದರ ಉಗುರು ಕತ್ತರಿಸುತ್ತಿದ್ದರು.

"ಈ ಮಾತ್ರೆ ನಿಲ್ಲಿಸಿ ಅಂತ ನೀವ್ಯಾಕೆ ಹೇಳಲಿಲ್ಲ?"

ಅವರು ಡಬ್ಬಿ ತಿರುಗಿಸಿ ನೋಡಿದರು. "ಸಾಮಾನ್ಯವಾಗಿ ಮನೆಯವರೇ ಕದ್ದುಮುಚ್ಚಿ..."

"ಮನೆಯವರ ಸುದ್ದಿ ಬೇಡ. ಇದನ್ನ ಬರೆದುಕೊಟ್ಟಿದ್ದು ಯಾರು?"

ಡಾಕ್ಟರಮ್ಮ ಕತ್ತರಿ ಕೆಳಗಿಟ್ಟರು. "ನಾನೇ. ಯೋಚಿಸಬೇಕಿತ್ತು, ಯೋಚಿಸಲಿಲ್ಲ. ಕತ್ತಿನ ಹಿಂದೆ ಹಚ್ಚೋ ಔಷಧಿ ಕೊಡ್ತೀನಿ. ಆದ್ರೆ ಮತ್ತೆ ಮೊದಲಿಂದ, ಎಂಟು ವಾರ."

"ನಾಯಿಗೆ ಎಂಟು ವಾರ ಸರಿ. ನಮ್ಮ ಮಾವನಿಗೆ ಬೈದಿದ್ದನ್ನ ಎಷ್ಟು ವಾರದಲ್ಲಿ ಸರಿಮಾಡ್ಲಿ?"

ಅವರು ಹೊಸ ಔಷಧಿಯ ಚೀಟಿ ಬರೆದು ಅವಳ ಕೈಗಿಟ್ಟರು.

ಸಂಜೆ ಬಿಸ್ಕತ್ ಡಬ್ಬಿಯನ್ನು ಮಾವನ ಕೋಣೆಯಲ್ಲಿಟ್ಟು, "ತಪ್ಪಾಯ್ತು ಮಾವ," ಎಂದಳು.

"ಅನುಮಾನ ಪಟ್ಟಿದ್ದಕ್ಕೆ ಬೇಜಾರಿಲ್ಲ. ಈ ಪಥ್ಯ ಶುರುವಾಗೋ ಮುಂಚೆ ನಾನು ಕೊಟ್ಟಿದ್ದೂ ಉಂಟು," ಎಂದರು ಅವರು. "ಆ ಡಾಕ್ಟರ್ ಮಾತು ಕಿವಿಗೆ ಹೋಯ್ತು, ನನ್ನ ಮಾತು ಹೋಗ್ಲಿಲ್ಲ ನೋಡು. ಅದು ಬೇಜಾರು."

ಅವರು ಮತ್ತೆ ಎಲ್ಲರ ಜೊತೆ ಊಟಕ್ಕೆ ಕೂತದ್ದು ಇನ್ನೊಂದು ವಾರ ಕಳೆದ ಮೇಲೆಯೇ.

ಎಂಟು ವಾರಕ್ಕೆ ತುರಿಕೆ ಪೂರ್ತಿ ನಿಂತು, ಡುಮ್ಮನ ಪಾದದಲ್ಲಿ ಕೂದಲು ಮೂಡಿತು. ಆಮೇಲೆ ಬೇಕೆಂದೇ ಬೇಯಿಸಿದ ಕೋಳಿ ಕೊಟ್ಟು ನೋಡಿದರು. ಎರಡನೇ ದಿನಕ್ಕೇ ಕೆರೆತ ಶುರು. ನಿಲ್ಲಿಸಿದರೆ ಇಳಿಯಿತು, ಮತ್ತೆ ಕೊಟ್ಟರೆ ಮತ್ತೆ ಬಂತು. ಕೋಳಿಯೇ ಎಂದು ಖಾತ್ರಿಯಾಯಿತು. ಡಾಕ್ಟರಮ್ಮ ಫೋನಿನಲ್ಲಿ ಬಹಳ ಸಂತೋಷಪಟ್ಟರು. ಅವಳು "ಸರಿ" ಎಂದಷ್ಟೇ ಹೇಳಿ ಇಟ್ಟಳು. ಮುಂದಿನ ಚುಚ್ಚುಮದ್ದಿಗೆ ಡುಮ್ಮನನ್ನು ಬೇರೆ ಆಸ್ಪತ್ರೆಗೆ ಕರೆದೊಯ್ದಳು.